ಹದಿಮೂರನೆಯ ಕೋಲು

ಬಾವಿಯಿಂದ ನೀರು ಸೇದುವವರ ಹತ್ತಿರ ನಿಲ್ಲುವುದು ನನಗೆ ಈಗಲೂ ಆಗುವುದಿಲ್ಲ. ಕೊಡಪಾನ ನೀರನ್ನು ಮುಟ್ಟಿದಾಗ ಹಗ್ಗ ಒಂದು ಕ್ಷಣ ಸಡಿಲವಾಗುತ್ತದಲ್ಲ, ಅದನ್ನು ನೋಡಲಾರೆ. ನಾನು ಮನೆಗೆ ಪಂಪು ಹಾಕಿಸಿದ್ದು ಅನುಕೂಲಕ್ಕೆ ಎಂದು ಮಕ್ಕಳು ತಿಳಿದಿದ್ದಾರೆ. ಹಾಗೆಯೇ ತಿಳಿದಿರಲಿ ಎಂದು ಬಿಟ್ಟಿದ್ದೇನೆ.

ಹೋದ ವಾರ ಒಂದು ಕಾಗದ ಬಂತು. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ, ಮಂಗಳೂರಿನಲ್ಲಿ ನರ್ಸು. "ಅಮ್ಮ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಿಮಗೆ ತಿಳಿಸಬೇಕು ಅನಿಸಿತು" ಎಂದು ಮೂರೇ ಸಾಲು. ಆ ಅಮ್ಮನನ್ನು ನಾರಾವಿಯ ಕಡೆ ಎಲ್ಲರೂ ಬರ್ಮಾದವರು ಎನ್ನುತ್ತಿದ್ದರು. ಎದುರಿಗೆ ಏನೂ ಕರೆಯುತ್ತಿರಲಿಲ್ಲ. ಅವರಿಗೊಂದು ಹೆಸರಿತ್ತು. ಅದನ್ನು ಕರೆಯಲು ಬರುತ್ತಿದ್ದದ್ದು ಅವರ ಗಂಡನಿಗೆ ಮಾತ್ರ. ನಾನು ಎಷ್ಟೋ ಸಲ ಕೇಳಿದ್ದರೂ ಅದನ್ನು ನಮ್ಮ ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ.

ಅವರ ಗಂಡ ನಾರಾವಿಯವರು. ಚಿಕ್ಕಂದಿನಲ್ಲೇ ಊರು ಬಿಟ್ಟು, ಹಡಗು ಹತ್ತಿ ರಂಗೂನಿಗೆ ಹೋಗಿ, ಲೋಟ ತೊಳೆಯುವುದರಿಂದ ಶುರುಮಾಡಿ ಒಂದು ಸಣ್ಣ ಹೋಟೆಲು ಇಟ್ಟವರು. ಅಲ್ಲಿಯೇ ಮದುವೆಯಾದರು. ಅರವತ್ತರ ದಶಕದ ನಡುವೆ ಅಲ್ಲಿನ ಸರಕಾರ ಅಂಗಡಿ ಹೋಟೆಲುಗಳನ್ನೆಲ್ಲ ವಹಿಸಿಕೊಂಡಾಗ ಹೆಂಡತಿ, ಮಗಳು ಮತ್ತು ಒಂದು ಟ್ರಂಕಿನ ಜೊತೆ ಮದ್ರಾಸಿನಲ್ಲಿ ಇಳಿದರು. ಮೊದಲು ಬಂಟ್ವಾಳದಲ್ಲಿ ಪರಿಚಯದವರ ಹೋಟೆಲಿನ ಹಿಂದಿನ ಕೋಣೆ, ಆಮೇಲೆ ಮೂಡುಬಿದಿರೆಯಲ್ಲಿ ಇನ್ನೊಂದು ಹೋಟೆಲಿನ ಹಿಂದಿನ ಕೋಣೆ. ಸ್ವಂತ ಹೋಟೆಲು ನಡೆಸಿದವರು ಬೇರೆಯವರ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದರು. "ನಾವು ಇಂಡಿಯಾ ನೋಡಿದ್ದೇ ಹಿಂದಿನ ಬಾಗಿಲಿನಿಂದ ಮಾಷ್ಟ್ರೇ" ಎಂದು ಅವರು ಒಮ್ಮೆ ಹೇಳಿದ್ದರು. ನಗಿಸಲು ಹೇಳಿದ್ದಲ್ಲ. ಆದರೂ ನಾನು ನಕ್ಕೆ.

ನಾನಾಗ ಮಂಗಳೂರಿನಲ್ಲಿ ಬಿ.ಎ. ಮುಗಿಸಿ ನಾರಾವಿಯ ಶಾಲೆಗೆ ಹೊಸದಾಗಿ ಸೇರಿದ್ದೆ. ಅವರು ಮೂಡುಬಿದಿರೆ ಬಿಟ್ಟು ನಾರಾವಿಯಲ್ಲಿ ಬಾಡಿಗೆಗೆ ಬಿಡಾರ ಹಿಡಿದಾಗ ಮಗಳು ನನ್ನ ತರಗತಿಗೆ ಬಂದಳು. ಲೆಕ್ಕದಲ್ಲಿ ಮುಂದು, ಕನ್ನಡ ಓದಲು ಬಾರದು. ಸಂಜೆ ಅವಳಿಗೆ ಅಕ್ಷರ ಹೇಳಿಕೊಡಲು ಅವರ ಬಿಡಾರಕ್ಕೆ ಹೋದದ್ದು ನಮ್ಮ ಪರಿಚಯದ ಆರಂಭ. ಅವರಿಗೆ ತುಳು ಬರುತ್ತಿತ್ತು, ಗಂಡನ ಹೋಟೆಲಿನಲ್ಲಿ ಕಲಿತ ತುಳು. ಮೊದಲ ದಿನ ಬಾಗಿಲಲ್ಲಿ ನನ್ನನ್ನು ನೋಡಿ, ಗಿರಾಕಿ ಬಂದರೆ ಸಪ್ಲಾಯರು ಹೇಳುವ ಧಾಟಿಯಲ್ಲೇ, "ಒಬ್ಬರೆಯಾ? ಒಳಗೆ ಕೂತುಕೊಳ್ಳಿ. ಬಿಸಿ ಎಂತ ಉಂಟು ಅಂತ ಕೇಳಬೇಡಿ, ಎಂತದೂ ಇಲ್ಲ" ಎಂದರು.

ಮುಖಕ್ಕೆ ಯಾವುದೋ ಮರದ ತೊಗಟೆಯನ್ನು ಕಲ್ಲಿನಲ್ಲಿ ತೇಯ್ದು ಕೆನ್ನೆಗೆ ದುಂಡಗೆ ಹಚ್ಚಿಕೊಳ್ಳುತ್ತಿದ್ದರು. ಅದು ಗಂಧ ಎಂದುಕೊಂಡ ನೆರೆಯ ಮುದುಕಿ, "ಹಣೆಗೆ ಹಚ್ಚುವುದನ್ನು ಕೆನ್ನೆಗೆ ಹಚ್ಚಿದ್ದೀ, ದೇವರಿಗೆ ದಾರಿ ತಪ್ಪುತ್ತದೆ" ಎಂದು ಗದರಿದ್ದಳಂತೆ. ಟ್ರಂಕಿನಲ್ಲಿ ತಂದ ತೊಗಟೆ ಒಂದು ವರ್ಷಕ್ಕೆ ಮುಗಿಯಿತು. ಆಮೇಲೆ ಅವರ ಕೆನ್ನೆ ನಮ್ಮ ಹೆಂಗಸರ ಕೆನ್ನೆಯ ಹಾಗೆಯೇ ಬಿಸಿಲಿಗೆ ಕಪ್ಪಾಯಿತು. ಹೊಗೆಸೊಪ್ಪನ್ನು ಬೆರಳು ದಪ್ಪಕ್ಕೆ ಸುತ್ತಿ ಸೇದುವ ಅಭ್ಯಾಸವಿತ್ತು. ಅದನ್ನು ಮರೆಮಾಡಲಿಲ್ಲ. ಜಗಲಿಯಲ್ಲಿ ಕೂತು ಸೇದುವಾಗ ಗದರಿದ ಅದೇ ಮುದುಕಿ ಬಂದು, ಅತ್ತಿತ್ತ ನೋಡಿ, "ಒಂದು ದಮ್ಮು ಕೊಡು ಮಾರಾಯ್ತಿ" ಎಂದು ಕೈ ಚಾಚುವುದನ್ನು ನಾನೇ ಕಂಡಿದ್ದೇನೆ.

ರಂಗೂನಿನ ಸುದ್ದಿ ಎತ್ತಿದರೆ ಮಾತು ಬೆಳೆಯುತ್ತಿರಲಿಲ್ಲ. "ಅಲ್ಲಿ ಹೇಗಿತ್ತು?" ಎಂದು ಕೇಳಿದ್ದೆ. ನನಗೆ ಪರದೇಶದ ಕತೆ ಬೇಕಿತ್ತು. "ಅಲ್ಲಿಯೂ ಬೆಳಿಗ್ಗೆ ಏಳಬೇಕಿತ್ತು" ಎಂದರು. ತಂದೆಯ ವಿಷಯ ಮಾತ್ರ ಒಮ್ಮೊಮ್ಮೆ ಹೇಳುತ್ತಿದ್ದರು. ಇರಾವತಿ ನದಿಯ ದಡದಲ್ಲಿ ನೆಲದೊಳಗಿನ ಎಣ್ಣೆಗಾಗಿ ಕೈಯಿಂದಲೇ ಬಾವಿ ತೋಡುವ ಒಂದು ಊರು ಉಂಟಂತೆ. ಅವರ ತಂದೆ ಅಂಥ ಬಾವಿಗೆ ಹಗ್ಗದಲ್ಲಿ ಇಳಿಯುವವರು. "ಇಳಿದದ್ದಕ್ಕಿಂತ ಹತ್ತಿದ್ದು ಒಂದು ಸಲ ಕಡಿಮೆ" ಎಂದು ತಂದೆಯ ಸಾವನ್ನು ಅವರು ಹೇಳಿ ಮುಗಿಸಿದ್ದರು.

ಗಂಡನ ಕುಟುಂಬದ ಮನೆ ನಾರಾವಿಯಲ್ಲೇ ಇತ್ತು. ಮನೆ ಇದ್ದೂ ಇವರು ಬಿಡಾರದಲ್ಲಿ ಯಾಕೆ ಎಂದು ಹೊರಗಿನವರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ಅಳಿಯಸಂತಾನದಲ್ಲಿ ಮನೆ ಹೆಣ್ಣಿನದು. ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ವಂಶಕ್ಕೆ ಸೇರಿದವರು. ಊರಿನ ಯಾವ ಹೆಣ್ಣನ್ನು ತಂದಿದ್ದರೂ ಆ ಮಗುವಿಗೆ ತಾಯಿಯ ಕಡೆ ಒಂದು ಮನೆ ಇರುತ್ತಿತ್ತು. ಈ ತಾಯಿಗೆ ಬಳಿಯೇ ಇಲ್ಲ. ಹಾಗಾಗಿ ಮಗಳಿಗೆ ತಂದೆಯ ಮನೆಯೂ ಇಲ್ಲ, ತಾಯಿಯ ಮನೆಯೂ ಇಲ್ಲ. ಇದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ, ಅದೇ ಕಷ್ಟ. ಕೆಟ್ಟವರಾದರೆ ಜಗಳ ಮಾಡಬಹುದಿತ್ತು.

ಆ ಮನೆಯ ಯಜಮಾನ್ತಿ ಗಂಡನ ಅಕ್ಕ. ಊರೆಲ್ಲ ಅವರನ್ನು ದೊಡ್ಡಕ್ಕ ಎಂದು ಕರೆಯುತ್ತಿತ್ತು. ಊರಿಗೆ ಬಂದ ಹೊಸದರಲ್ಲಿ ತಮ್ಮನ ಸಂಸಾರವನ್ನು ಒಂದು ತಿಂಗಳು ಹೊರ ಚಾವಡಿಯಲ್ಲಿ ಇರಿಸಿಕೊಂಡು ಊಟ ಹಾಕಿದ್ದರು. ಅವರ ಅಂಗಳದ ಬಾವಿ ದೈವದ ಕೋಣೆಗೆ ತಾಗಿ ಇತ್ತು. ಬಳಿಯವರಲ್ಲದವರು ಆ ಹಗ್ಗ ಮುಟ್ಟಬಾರದು. ಬಳಿಯವರು ಯಾರಾದರೂ ಸೇದಿ ಹೊಯ್ಯಬೇಕು, ಇವರು ಕೆಳಗೆ ಪಾತ್ರೆ ಹಿಡಿಯಬೇಕು. ಕೊನೆಗೆ ದೊಡ್ಡಕ್ಕ ಮನೆಯ ಹಿಂದಿನ ಬೋಳು ಗುಡ್ಡದ ತಲೆಯಲ್ಲಿ ಒಂದು ತುಂಡು ಜಾಗ ತೋರಿಸಿದರು. ಕೆಂಪು ಮುರಕಲ್ಲು, ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. "ಬಾವಿ ತೋಡಿ ನೋಡಿ. ಮಳೆಗಾಲದ ಮೊದಲು ನೀರು ಬಂದರೆ ಮನೆ ಕಟ್ಟಿ ಕೂತುಕೊಳ್ಳಿ, ಯಾರೂ ಎಬ್ಬಿಸದ ಹಾಗೆ ನಾನು ಬರೆದು ಕೊಡ್ತೇನೆ. ನೀರು ಬಾರದಿದ್ದರೆ ಅಲ್ಲಿ ಹೇಗೂ ಮನುಷ್ಯರು ಇರಲಿಕ್ಕೆ ಆಗುವುದಿಲ್ಲ" ಎಂದರು.

ನೀರು ಬಾರದಿದ್ದರೆ ಮುಂದೇನು ಎಂದು ಬರ್ಮಾದವರು ನನಗೆ ಬೆರಳು ಮಡಚಿ ಹೇಳಿದ್ದರು. "ಇವರು ಬೊಂಬಾಯಿಗೆ, ಯಾವುದಾದರೂ ಹೋಟೆಲಿಗೆ. ಇವಳು ಯಾರದಾದರೂ ಮನೆಗೆ, ಕೆಲಸಕ್ಕೆ." ಮೂರನೆಯ ಬೆರಳನ್ನು ಸ್ವಲ್ಪ ಹೊತ್ತು ನೋಡಿ ಹಾಗೆಯೇ ಬಿಟ್ಟರು.

ಬಾವಿಯ ಕೆಲಸ ಮಾರ್ಚ್‌ನಲ್ಲಿ ಶುರುವಾಯಿತು. ಆಗಲೇ ಅವರು ಗುಡ್ಡದ ಮೇಲೆ ಒಂದು ಸಣ್ಣ ಮಣ್ಣಿನ ಬಿಡಾರ ಕಟ್ಟಿಕೊಂಡು ಅಲ್ಲಿಗೆ ಬಂದಿದ್ದರು. ತೋಡುವವರ ಮುಖ್ಯಸ್ಥ ಲಾಯಿಲದ ಕಡೆಯ ಒಬ್ಬ ಮುದುಕ, ಎಲ್ಲರ ಬಾಯಲ್ಲಿ ಬಾವಿಯಜ್ಜ. ಜೊತೆಗೆ ಅವನ ಅಳಿಯ. ಆಳು ಸಾಲದೆ ಗಂಡನೂ ಹಾರೆ ಹಿಡಿದು ಇಳಿದರು. ಏಪ್ರಿಲಿನಲ್ಲಿ ಬೇಸಿಗೆ ರಜೆ ಸಿಕ್ಕಿದ ಮೇಲೆ, ರಾಟೆಯ ಹಗ್ಗ ಎಳೆಯಲು ನಾನೂ ಸೇರಿದೆ. ಅವರು ಮಾತ್ರ ಬಾವಿಯಿಂದ ನಾಲ್ಕು ಮಾರು ದೂರ ನಿಲ್ಲಬೇಕಿತ್ತು. ತೋಡುವ ಬಾವಿಗೆ ಹೆಂಗಸರು ಬಗ್ಗಿ ನೋಡಿದರೆ ನೀರು ಹಿಂದೆ ಸರಿಯುತ್ತದೆ ಎಂಬುದು ಬಾವಿಯಜ್ಜನ ಕಟ್ಟುನಿಟ್ಟು. ಅವರು ದೂರದಲ್ಲೇ ನಿಂತು, ಮೇಲೆ ಬಂದ ಬುಟ್ಟಿಗಳ ಮಣ್ಣನ್ನು ಸುರಿಯುವ ಕೆಲಸ ಮಾಡಿದರು. ಬಾವಿಯ ಒಳಗನ್ನು ಅವರು ಬುಟ್ಟಿಯಲ್ಲೇ ನೋಡಿದರು ಎನ್ನಬೇಕು.

ನಮ್ಮಲ್ಲಿ ಬಾವಿಯನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಎರಡೂವರೆ ಅಡಿ. ಹನ್ನೆರಡು ಕೋಲಿನವರೆಗೆ ಬರೇ ಮುರಕಲ್ಲು. ದಿನಕ್ಕೆ ಒಂದು ಗೇಣು ಇಳಿದರೆ ಹೆಚ್ಚು. ಹದಿಮೂರನೆಯ ಕೋಲಿಗೆ ಕಲ್ಲು ಮುಗಿದು ಶೇಡಿ ಸಿಕ್ಕಿತು, ನಸುಗೆಂಪು ಬಿಳಿಯ ಮೆದು ಮಣ್ಣು. ಅದರಲ್ಲಿ ತಂಪಿತ್ತು. ಬಾವಿಯಜ್ಜ ಕೆಳಗಿನಿಂದಲೇ, "ವಾಸನೆ ಬಂತು ಮಾಷ್ಟ್ರೇ, ಇನ್ನು ಒಂದು ವಾರ" ಎಂದು ಕೂಗಿದ.

ಆ ದಿನ ಬುಟ್ಟಿಯ ಮಣ್ಣನ್ನು ಅವರು ಸುರಿಯಲಿಲ್ಲ. ಚಿಟಿಕೆ ತೆಗೆದು ತಿಕ್ಕಿ, ನಾಲಿಗೆಗೆ ಇಟ್ಟು, ಉಗಿದು, ಅಜ್ಜ ಮೇಲೆ ಬರುವ ತನಕ ಕಾದರು. "ಇನ್ನು ತೋಡಬಾರದು. ಹಲಗೆ ಕೊಡಬೇಕು. ಸುತ್ತ ಹಲಗೆ ನಿಲ್ಲಿಸಿ ಆಮೇಲೆ ತೋಡಬೇಕು. ಮೇಲೆ ಕಲ್ಲು, ಕೆಳಗೆ ಬೆಣ್ಣೆ."

ಅಜ್ಜ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನಕ್ಕ. "ಅಮ್ಮಾ, ಅದು ನಿಮ್ಮ ಎಣ್ಣೆಯ ಬಾವಿ, ಇದು ನೀರಿನದ್ದು. ನನ್ನ ಅಜ್ಜ ತೋಡಿದ ಬಾವಿಗಳು ಇಲ್ಲಿಂದ ಬೆಳ್ತಂಗಡಿಯವರೆಗೆ ನಿಂತಿವೆ. ನಮ್ಮ ಬಾವಿಗಳಿಗೆ ಅಂಗಿ ತೊಡಿಸುವ ಕ್ರಮ ಇಲ್ಲ."

ಅವರು ನನ್ನ ಕಡೆ ತಿರುಗಿದರು. "ಮಾಷ್ಟ್ರೇ, ನೀವು ಹೇಳಿ. ಕಲಿತವರು ಹೇಳಿದರೆ ಕೇಳ್ತಾರೆ."

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ಹಾಕಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಬೇರೆ ಉತ್ತರ ಕೊಡುತ್ತೇನೆ. ಆ ದಿನ ಕೊಟ್ಟದ್ದು ಒಂದೇ. ಅದೇ ಜನವರಿಯಲ್ಲಿ ತರಗತಿಯಲ್ಲಿ ಪಾಠ ಮಾಡಿದ್ದೆ: ಜಂಬಿಟ್ಟಿಗೆಗೆ, ಅಂದರೆ ನಮ್ಮ ಮುರಕಲ್ಲಿಗೆ, ಗಾಳಿ ತಗುಲಿದಷ್ಟೂ ಗಟ್ಟಿಯಾಗುತ್ತದೆ. ಅದು ಸುಳ್ಳಲ್ಲ, ಕಲ್ಲಿನ ಮಟ್ಟಿಗೆ ಸರಿಯಾದ ಮಾತು. ಕಲ್ಲಿನ ಕೆಳಗಿನ ಮಣ್ಣಿನ ವಿಷಯ ಪುಸ್ತಕದಲ್ಲಿ ಇರಲಿಲ್ಲ. "ಮುರಕಲ್ಲು ಗಾಳಿಗೆ ಇನ್ನೂ ಗಟ್ಟಿಯಾಗ್ತದೆ. ಅಜ್ಜ ಹೇಳುವುದು ಸರಿ, ನೀವು ಹೆದರಬೇಡಿ" ಎಂದೆ. ಹಲಗೆ ತರಿಸಿ ನಿಲ್ಲಿಸಲು ಹತ್ತು ದಿನ ಬೇಕಿತ್ತು, ಆಕಾಶದಲ್ಲಿ ಆಗಲೇ ಮೋಡ ಕಾಣುತ್ತಿತ್ತು, ಗಂಡನಿಗೂ ಅವಸರವಿತ್ತು. ಇವೆಲ್ಲ ಈಗ ನಾನು ಹುಡುಕುವ ಕಾರಣಗಳು. ಆಗ ಇದ್ದದ್ದು ಕಲಿತವನೆಂಬ ಹೆಮ್ಮೆ ಮಾತ್ರ.

"ಮಾಷ್ಟ್ರು ಹೇಳಿದ ಮೇಲೆ ಮುಗಿಯಿತು" ಎಂದ ಅಜ್ಜ.

ಅವರು ನನ್ನ ಮುಖ ನೋಡಿದರು. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಗಂಜಿಗೆ ಇಡಲು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಯಾಗಿರಬಹುದು. ಕೆಳಗೆ ಗಂಡ ಮತ್ತು ಅಜ್ಜನ ಅಳಿಯ, ಮೇಲೆ ಅಜ್ಜ ಮತ್ತು ನಾನು. ಬುಟ್ಟಿ ತುಂಬಿತೆಂದು ಹಗ್ಗ ಅಲುಗಿತು, ನಾನು ಎಳೆದೆ. ಅರ್ಧಕ್ಕೆ ಬಂದಿತ್ತು. ಆಗ ಒಂದು ಸದ್ದು. ದೊಡ್ಡದೇನಲ್ಲ, ನೆನೆದ ಗೋಣಿ ಚೀಲವನ್ನು ನೆಲಕ್ಕೆ ಹಾಕಿದ ಹಾಗೆ. ಕೈಯಲ್ಲಿದ್ದ ಹಗ್ಗ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾಯಿತು. ಅಳಿಯ ಗೋಡೆಯ ಕಾಲ್ಕುಳಿಗಳನ್ನು ಹಿಡಿದು ಹತ್ತಿ ಬಂದ, ಮೈಯೆಲ್ಲ ಬಿಳಿ. ಮೇಲೆ ಬಂದವನು ಕೈಯನ್ನು ತನ್ನ ಎದೆಗೆ ಅಡ್ಡ ಇಟ್ಟು ತೋರಿಸಿದ. ಗಂಡ ಎದೆಯವರೆಗೆ ಹೂತುಹೋಗಿದ್ದರು. ಬದಿಯ ಶೇಡಿ ಕುಸಿದು, ಅದರ ಮೇಲಿದ್ದ ಮುರಕಲ್ಲು ಆಧಾರವಿಲ್ಲದೆ ಅವರ ತಲೆಯ ಮೇಲೆ ಚಾಚಿಕೊಂಡು ನಿಂತಿತ್ತು.

ಅಜ್ಜ ತಲೆಗೆ ಕೈಕೊಟ್ಟು ಕೂತುಬಿಟ್ಟ. ಅವರು ಬಂದರು. ಬಾವಿಗೆ ಬಗ್ಗಿ ನೋಡಿದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. "ಬಿಡಾರದ ಬಾಗಿಲು ಕಿತ್ತು ತನ್ನಿ. ಮಂಚದ ಹಲಗೆ ತನ್ನಿ. ಹಗ್ಗಕ್ಕೆ ಎರಡು ಕುಣಿಕೆ ಹಾಕಿ" ಎಂದು ಹೇಳಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತಮ್ಮ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು, ಬಾವಿಯ ಬದಿಯಲ್ಲಿ ಕಾಲು ಮಡಚಿ ಕೂತರು.

ಕೂತರು. ನಾವು ಹಲಗೆ ತಂದೆವು, ಕುಣಿಕೆ ಹಾಕಿದೆವು, ಕೆಳಗಿನಿಂದ ಗಂಡ ನರಳುವುದು ಕೇಳುತ್ತಿತ್ತು. ಅವರು ಅಲುಗದೆ ಕೂತೇ ಇದ್ದರು. ಕೂಗು ಕೇಳಿ ಹತ್ತಿಪ್ಪತ್ತು ಜನ ಸೇರಿದ್ದರು. "ಗಂಡ ಸಾಯುತ್ತಿದ್ದಾನೆ, ಇವಳು ಜಪಕ್ಕೆ ಕೂತಿದ್ದಾಳೆ" ಎಂದು ಒಬ್ಬ ಹೇಳಿದ. ಭುಜ ಹಿಡಿದು ಅಲುಗಿಸಲು ನಾನೇ ಹೋದೆ. "ಮುಟ್ಟಬೇಡಿ ಮಾಷ್ಟ್ರೇ, ಎಣಿಸುತ್ತಿದ್ದೇನೆ" ಎಂದರು.

ಆಮೇಲೆ ತಿಳಿಯಿತು. ಎಣ್ಣೆಯ ಬಾವಿಯಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿದವನು ಕೆಲವು ಕ್ಷಣ ಮಾತ್ರ ಇರಬಹುದು. ಬಿಸಿಲಿನಿಂದ ಇಳಿದ ಕಣ್ಣು ಕತ್ತಲೆಗೆ ಹೊಂದುವಷ್ಟರಲ್ಲಿ ಆ ಹೊತ್ತು ಕಳೆದುಹೋಗುತ್ತದೆ. ಆದ್ದರಿಂದ ಮೇಲೆಯೇ ಕಣ್ಣು ಕಟ್ಟಿ ಕೂರಿಸುತ್ತಾರೆ. ತಂದೆಯ ಕಣ್ಣಿಗೆ ದಿನವೂ ಬಟ್ಟೆ ಕಟ್ಟುತ್ತಿದ್ದವರು ಇವರೇ, ಏಳೆಂಟು ವರ್ಷದವರಿದ್ದಾಗ. ನಮ್ಮ ಬಾವಿಯಲ್ಲಿ ಕೆಟ್ಟ ಗಾಳಿ ಇರಲಿಲ್ಲ, ಆದರೆ ಕಾಣದೆ ಕಾಲಿಟ್ಟರೆ ಮೇಲಿನ ಕಲ್ಲು ಬೀಳುತ್ತಿತ್ತು.

ಎಣಿಸಿ ಮುಗಿದ ಮೇಲೆ ಅವರು ಕುಣಿಕೆಯಲ್ಲಿ ಕೂತು ಇಳಿದರು, ಕಣ್ಣಿನ ಬಟ್ಟೆಯನ್ನು ಕೆಳಗೆ ಹೋದ ಮೇಲೆ ಬಿಚ್ಚಿದರು. ಬಾಗಿಲನ್ನು ಗಂಡನಿಗೂ ಗೋಡೆಗೂ ನಡುವೆ ನಿಲ್ಲಿಸಿದರು. ಮಂಚದ ಹಲಗೆಯನ್ನು ಕಲ್ಲಿಗೆ ಊರುಗೋಲಾಗಿ ಕೊಟ್ಟರು. ಹಾರೆ ಮುಟ್ಟಲಿಲ್ಲ, ಮಣ್ಣನ್ನು ಕೈಯಲ್ಲೇ ಬಾಚಿ ಬುಟ್ಟಿಗೆ ತುಂಬಿದರು. ನಾನು ಎಳೆದೆ. ಬುಟ್ಟಿ ಬಂದಾಗಲೆಲ್ಲ ಕಲ್ಲಿನಿಂದ ಪುಡಿ ಉದುರುವ ಸದ್ದು ಕೇಳುತ್ತಿತ್ತು. ನಾನು ಪ್ರತಿ ಸಲವೂ ಇದೇ ಕೊನೆಯದು ಎಂದುಕೊಂಡೆ. ಮಗಳು ನನ್ನ ಹಿಂದೆ ನಿಂತು ಹಗ್ಗದ ತುದಿ ಹಿಡಿದಿದ್ದಳು. ಅಳಲಿಲ್ಲ. ಮೂರು ಗಂಟೆ ಹೊತ್ತು ಕಳೆದ ಮೇಲೆ ಗಂಡನ ಕಂಕುಳಿಗೆ ಹಗ್ಗ ಕಟ್ಟಿ, ಎಂಟು ಜನ ಸೇರಿ ಎಳೆದೆವು. ತೊಡೆಯ ಮೂಳೆ ಮುರಿದಿತ್ತು, ಜೀವವಿತ್ತು. ಕೊನೆಗೆ ಅವರು ಬಂದರು. ಉಗುರುಗಳಿಂದ ರಕ್ತ ಬರುತ್ತಿತ್ತು. ಮೇಲೆ ಬಂದವರೇ ಕೇಳಿದ್ದು, "ಲಾರಿಗೆ ಯಾರಾದರೂ ಹೋಗಿದ್ದಾರಾ?"

ಗಂಡನನ್ನು ಬೆಂಚಿನಲ್ಲಿ ಹೊತ್ತು, ಲಾರಿಯಲ್ಲಿ ಮೂಡುಬಿದಿರೆಗೆ ಸಾಗಿಸಿದೆವು. ಸಂಜೆ ಅಜ್ಜನ ಅಳಿಯ ಬಾವಿಯಲ್ಲಿ ಇಣುಕಿ ಓಡಿ ಬಂದ. ನೀರು ಬಂದಿತ್ತು. ಮಣ್ಣು ಕುಸಿದ ಜಾಗದಿಂದಲೇ ಒರತೆ ಒಡೆದು, ಬೆಳಗಾಗುವಷ್ಟರಲ್ಲಿ ಒಂದು ಕೋಲಿನಷ್ಟು ನಿಂತಿತ್ತು.

ಆರನೆಯ ದಿನ ಅವರು ಗಂಡನನ್ನು ಆಸ್ಪತ್ರೆಯಲ್ಲೇ ಬಿಟ್ಟು ಗುಡ್ಡಕ್ಕೆ ಬಂದರು. ದೊಡ್ಡಕ್ಕನೂ ಹತ್ತಿ ಬಂದರು, ಜೊತೆಗೆ ಬಾವಿಯಜ್ಜ. ದೊಡ್ಡಕ್ಕ ಬಾವಿ ನೋಡಿ, "ನೀರು ಬಂತು. ನಾನು ಹೇಳಿದ ಮಾತು ಉಂಟು. ಇನ್ನು ಕೂತುಕೊಳ್ಳಿ" ಎಂದರು.

"ಇದನ್ನು ಮುಚ್ಚಬೇಕು ಅಕ್ಕ" ಎಂದರು ಅವರು.

"ಎಂತದಕ್ಕೆ? ನೀರು ಉಂಟಲ್ಲ."

"ಉಂಟು. ಮಣ್ಣು ಅಡಿಯಿಂದ ಹೋಗ್ತಾ ಉಂಟು. ಮಳೆ ಬಂದರೆ ಕಲ್ಲೂ ಹೋಗ್ತದೆ. ಆಮೇಲೆ ಸೇದುವವರೂ ಹೋಗ್ತಾರೆ." ಮಗಳ ಕಡೆ ಗಲ್ಲ ಎತ್ತಿ ತೋರಿಸಿದರು. "ಸೇದುವವಳು ಇವಳು."

"ಈಗ ಹಲಗೆ ಕೊಡುವಾ, ಅಮ್ಮ, ನೀವು ಹೇಳಿದ ಹಾಗೆ" ಎಂದ ಅಜ್ಜ. ಅವನ ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ.

"ಈಗ ಇಳಿಯುವವರು ಯಾರು? ನಿಮ್ಮ ಅಳಿಯನಾ? ಇಳಿಯುವುದು ಬೇಡ. ಹೊತ್ತು ಹೋಯಿತು."

ದೊಡ್ಡಕ್ಕ ಅವರನ್ನು ಬಿಟ್ಟು ನನ್ನ ಕಡೆ ನೋಡಿದರು. "ಮಾಷ್ಟ್ರೇ, ನೀವು ಎಂತ ಹೇಳ್ತೀರಿ? ಈ ಬಾವಿ ನಿಲ್ಲುವುದಾ?"

ನಿಲ್ಲುತ್ತದೆ ಎಂದರೆ ಅವರಿಗೆ ಮನೆ ಸಿಗುತ್ತಿತ್ತು. ಇಲ್ಲವೆಂದರೆ ಮೂವರೂ ಮೂರು ದಿಕ್ಕು. ನನ್ನ ನಾಲಿಗೆಯಿಂದ ಒಮ್ಮೆ ಆದದ್ದೇ ಸಾಕಾಗಿತ್ತು. "ನಿಲ್ಲುವುದಿಲ್ಲ" ಎಂದೆ. "ಅವರು ಮೊದಲೇ ಹೇಳಿದ್ದರು. ಬೇಡ ಅಂದದ್ದು ನಾನು."

ದೊಡ್ಡಕ್ಕ ಅಲ್ಲಿದ್ದ ಮಣ್ಣಿನ ರಾಶಿಯ ಮೇಲೆ ಕೂತರು. ಅವರ ಕಣ್ಣು ತಮ್ಮನ ಹೆಂಡತಿಯ ಬೆರಳುಗಳ ಮೇಲಿತ್ತು, ಹತ್ತಕ್ಕೂ ಬಟ್ಟೆ ಸುತ್ತಿತ್ತು. "ಮುಚ್ಚಿದರೆ ಇಲ್ಲಿ ನೀರಿಲ್ಲ. ನೀರಿಲ್ಲದಿದ್ದರೆ ಎಂತ ಅಂತ ನಾನು ಹೇಳಿದ್ದೆ" ಎಂದರು, ತಮಗೇ ಹೇಳಿಕೊಳ್ಳುವ ಹಾಗೆ.

"ಗೊತ್ತುಂಟು ಅಕ್ಕ."

ದೊಡ್ಡಕ್ಕ ಎದ್ದು ಸೆರಗು ಕೊಡವಿಕೊಂಡರು. "ನಾಳೆಯಿಂದ ಕೊಡಪಾನ ತೆಗೆದುಕೊಂಡು ಕೆಳಗೆ ಬಾ. ನಾನು ಸೇದಿದ ಮೇಲೆ ನೀನು ಸೇದು. ಹಗ್ಗ ಅಲ್ಲಿಯೇ ಉಂಟು."

"ದೊಡ್ಡಕ್ಕ, ಆ ಬಾವಿ ದೈವದ..." ಎಂದ ಅಜ್ಜ.

"ಆ ಬಾವಿ ಯಾರದ್ದು ಅಂತ ನನಗೆ ಗೊತ್ತುಂಟು" ಎಂದು ದೊಡ್ಡಕ್ಕ ಗುಡ್ಡ ಇಳಿದರು.

ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಮನೆಯೊಳಗೆ ಕರೆಯಲಿಲ್ಲ, ದೈವದ ಕೆಲಸಕ್ಕೆ ಆಮಂತ್ರಣ ಬರಲಿಲ್ಲ. ಗುಡ್ಡದ ಜಾಗ ಮಾತ್ರ ಬರೆದು ಕೊಟ್ಟರು. ಎರಡು ತಿಂಗಳು ತೋಡಿದ ಬಾವಿಯನ್ನು ಮುಚ್ಚಲು ನಮಗೆ ಹನ್ನೊಂದು ದಿನ ಹಿಡಿಯಿತು. ಒಂದು ಸಂಜೆ ಮಣ್ಣು ಹೊರುವಾಗ, ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ನೀವು ಪುಸ್ತಕ ನೋಡಿದವರು. ಬಾವಿ ನೋಡಿದವರಲ್ಲ. ಬುಟ್ಟಿ ಆ ಕಡೆ ಹಾಕಿ" ಎಂದರು.

ದೊಡ್ಡಕ್ಕ ಹೇಳಿದ ಮರುದಿನ ಬೆಳಿಗ್ಗೆ ನಾನು ಗುಡ್ಡದಲ್ಲೇ ಇದ್ದೆ. ಅವರು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡಪಾನ ಇಟ್ಟುಕೊಂಡು ಮೂರು ಸಲ ಹತ್ತಿ ಬಂದರು. ಬೆರಳಿನ ಬಟ್ಟೆಗಳು ಹಗ್ಗಕ್ಕೆ ಉಜ್ಜಿ ಬಿಚ್ಚಿಹೋಗಿದ್ದವು. ನಾಲ್ಕನೆಯ ಸಲ ಇಳಿಯುವ ಮೊದಲು ಬಾಗಿಲಿಲ್ಲದ ಬಿಡಾರದ ಮುಂದೆ ಕಾಲು ಚಾಚಿ ಕೂತು, ಕೆಳಗಿನ ಮನೆಯ ಹಂಚಿನ ಮಾಡನ್ನು ನೋಡಿದರು.

"ದೂರ ಉಂಟು ಮಾಷ್ಟ್ರೇ" ಎಂದರು.

ಆಮೇಲೆ ಎದ್ದು, ಖಾಲಿ ಕೊಡಪಾನಗಳನ್ನು ಎತ್ತಿಕೊಂಡು ಇಳಿದರು.